ವೈಕುಂಠ ಸಮಾರಾಧನೆಯ ದಿನ ಹೋಮ್ ನರ್ಸ್‌ಗೆ ಕೃತಜ್ಞತೆ: ಹಣ, ಪತ್ರ, ನುಡಿನಮನ ಹೇಗೆ?

ಕಾವೇರಿತೀರ:
ನಮ್ಮ ಅತ್ತೆ ಹೋದ ಭಾನುವಾರ ತೀರಿಕೊಂಡರು, 86 ವರ್ಷ. ಪಾರ್ಶ್ವವಾಯು ಆದಮೇಲೆ ಹಾಸಿಗೆಯಲ್ಲೇ ಇದ್ದರು, ಮೂಗಿನ ನಳಿಕೆಯಲ್ಲೇ ಊಟ. ಮೂರು ವರ್ಷ ಮನೆಯಲ್ಲೇ ಇದ್ದು ನೋಡಿಕೊಂಡವರು ಏಜೆನ್ಸಿಯಿಂದ ಬಂದ ಹೋಮ್ ನರ್ಸ್. ಕೊನೆಗೆ ಕೆಲವು ದಿನ ಸರ್ಕಾರಿ ಆಸ್ಪತ್ರೆಯ ವಾರ್ಡಿನವರೂ ತುಂಬಾ ಚೆನ್ನಾಗಿ ನೋಡಿದರು. 13ನೇ ದಿನ ಊಟಕ್ಕೆ ಮೊದಲು ನುಡಿನಮನ ಇಟ್ಟುಕೊಂಡಿದ್ದೇವೆ, ಪತ್ರಿಕೆಯಲ್ಲೂ ಶ್ರದ್ಧಾಂಜಲಿ ಹಾಕಿಸಬೇಕು. ಸೀರೆ, ಕವರ್ ಕೊಟ್ಟರೆ ಸಾಕು ಅಂತಾರೆ ಮನೆಯವರು. ಅಷ್ಟಕ್ಕೇ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ಹಣ ಎಷ್ಟು, ಹೇಗೆ ಕೊಡುವುದು? ಪತ್ರಿಕೆಯಲ್ಲಿ ಅವರ ಹೆಸರು ಹಾಕಬಹುದೇ? ಏರ್‌ಬೆಡ್ (ಪಂಪಿನಿಂದ ಉಬ್ಬುವ ಗಾಳಿ ಹಾಸಿಗೆ), ವೀಲ್‌ಚೇರ್, ಉಳಿದ ಔಷಧಿ ಏನು ಮಾಡುವುದು?

ಶುಶ್ರೂಷೆ:
ಇವತ್ತೇ ಏಜೆನ್ಸಿಗೆ ಫೋನ್ ಮಾಡಿ ತಾರೀಖು ತಿಳಿಸಿಬಿಡಿ. ರೋಗಿ ತೀರಿಕೊಂಡ ದಿನವೇ ಹೋಮ್ ನರ್ಸ್‌ಗೆ ಕೆಲಸವೂ ಹೋಗುತ್ತದೆ, ಇರುವ ಜಾಗವೂ ಹೋಗುತ್ತದೆ. ಬೇಗನೆ ಬೇರೆ ಮನೆಗೆ ಹಾಕಿಬಿಡುತ್ತಾರೆ, ಅಲ್ಲಿಂದ ಒಂದು ದಿನ ಬಿಡುವು ಸಿಗಬೇಕಾದರೆ ಬದಲಿಯವರು ಬೇಕು. ಬಸ್ ಚಾರ್ಜು, ಆ ದಿನದ ಸಂಬಳ ನೀವೇ ಕೊಡುತ್ತೀರೆಂದೂ ಹೇಳಿ.

ಸಂಬಳದ ಬಾಕಿ ಬೇರೆ, ಕೃತಜ್ಞತೆಯ ಹಣ ಬೇರೆ. ತೆಗೆದುಕೊಳ್ಳದ ರಜೆಗಳ ದುಡ್ಡನ್ನೂ ಸೇರಿಸಿ ಬಾಕಿಯನ್ನು ಈಗಲೇ ಚುಕ್ತಾ ಮಾಡಿ. ಎರಡನ್ನೂ ಒಂದೇ ಕವರಿನಲ್ಲಿಟ್ಟರೆ ಯಾವುದಕ್ಕೆ ಎಷ್ಟು ಎಂದು ತಿಳಿಯದೆ ಮನಸ್ತಾಪವಾಗುತ್ತದೆ. ಕೃತಜ್ಞತೆಗೆ ಗ್ರಾಚ್ಯುಟಿಯ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಹಣ) ಲೆಕ್ಕ ಒಳ್ಳೆಯ ಅಳತೆ: ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅದರಿಂದ ಗುಣಿಸಿ. 18,000 ಸಂಬಳಕ್ಕೆ ಮೂರು ವರ್ಷ ಎಂದರೆ ಸುಮಾರು 31,150 ರೂಪಾಯಿ. ಕಾನೂನು ನಿಮ್ಮಂಥ ಮನೆಯ ಮೇಲೆ ಇದನ್ನು ಹೇರುವುದಿಲ್ಲ, ಆದರೂ ಹಗಲು ರಾತ್ರಿ ದುಡಿದವರಿಗೆ ಇದಕ್ಕಿಂತ ಕಡಿಮೆ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಏಜೆನ್ಸಿಯ ಮೂಲಕ ಕಳಿಸಬೇಡಿ, ಅವರ ಖಾತೆಗೇ ಹಾಕಿ. ಹಣ ಬೇರೆಯವರ ಪಾಲಾಗಬಾರದಲ್ಲ, ಎಟಿಎಂ ಕಾರ್ಡು ಅವರ ಕೈಯಲ್ಲೇ ಇದೆಯೇ ಎಂದು ಮೊದಲು ಮೆಲ್ಲಗೆ ವಿಚಾರಿಸಿ. ಇಲ್ಲವೆಂದರೆ ಅಂಚೆ ಕಚೇರಿಯಲ್ಲಿ ಅವರ ಹೆಸರಿಗೇ ಠೇವಣಿ ಇಡಿಸುವುದು ಮೇಲು.

ಮುಂದಿನ ಕೆಲಸಕ್ಕೆ ನೆರವಾಗುವುದು ಪತ್ರ. ‘ಚೆನ್ನಾಗಿ ನೋಡಿಕೊಂಡರು’ ಎಂದಷ್ಟೇ ಬರೆದರೆ ಮುಂದಿನ ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಆರೈಕೆಯ ನೋಟ್‌ಬುಕ್ ಇದ್ದೇ ಇರುತ್ತದಲ್ಲ, ‘6 ಗಂಟೆ: ಗಂಜಿ 200 ಎಂಎಲ್. 8: ಎಡಮಗ್ಗುಲು. 10: ಬಲಮಗ್ಗುಲು. ಮೂತ್ರ 350’ ಅಂತ ಸಾಲುಸಾಲಾಗಿ ಬರೆದದ್ದು, ಅದನ್ನು ಮುಂದಿಟ್ಟುಕೊಂಡು ಬರೆಯಿರಿ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಇದ್ದರು; ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು; ತಲೆಭಾಗ ಎತ್ತರಿಸಿ ನಳಿಕೆಯಲ್ಲಿ ಊಟ ಕೊಟ್ಟು, ಆಮೇಲೂ ಅರ್ಧ ಗಂಟೆ ಹಾಗೇ ಕೂರಿಸುತ್ತಿದ್ದರು; ಕ್ಯಾತಿಟರ್ (ಮೂತ್ರದ ನಳಿಕೆ) ಚೀಲ ನೋಡಿಕೊಳ್ಳುತ್ತಿದ್ದರು. ಹಾಸಿಗೆ ಹುಣ್ಣು ಆಗಿರಲೇ ಇಲ್ಲ ಎಂದಾದರೆ ಅದನ್ನು ತಪ್ಪದೆ ಬರೆಯಿರಿ. ಈ ಕೆಲಸ ಬಲ್ಲವರಿಗೆ ಆ ಒಂದು ಸಾಲು ಸಾಕು. ನರ್ಸಿಂಗ್ ಓದದವರಾಗಿದ್ದರೆ ‘ನರ್ಸ್’ ಎಂದು ಬರೆಯಬೇಡಿ, ‘ಆರೈಕೆದಾರರು’ ಎನ್ನಿ. ಇಲ್ಲದಿದ್ದರೆ ಮುಂದೆ ಯಾರಾದರೂ ನರ್ಸ್ ನೋಂದಣಿ ಸಂಖ್ಯೆ ಕೇಳಿದಾಗ ಅವರೇ ಪೇಚಿಗೆ ಸಿಕ್ಕುತ್ತಾರೆ. ಸಹಿ, ತಾರೀಖು, ನಿಮ್ಮ ಫೋನ್ ನಂಬರ್ ಇರಲಿ. ಎರಡು ಪ್ರತಿ ಕೊಟ್ಟು, ಫೋಟೋ ತೆಗೆದು ಅವರ ಮೊಬೈಲಿಗೂ ಕಳಿಸಿ.

ಕರಾವಳಿಯವ:
ನಮ್ಮ ಕಡೆ ಉತ್ತರಕ್ರಿಯೆಯ ದಿನ ನುಡಿನಮನ ಸಾಮಾನ್ಯ. ಒಬ್ಬೊಬ್ಬರಿಗೆ ಮೂರು ನಿಮಿಷ, ಒಟ್ಟು ಐದಾರು ಜನ ಸಾಕು. ಹೆಚ್ಚಾದರೆ ಊಟಕ್ಕೆ ಹೊತ್ತಾಗಿ, ಸಕ್ಕರೆ ಕಾಯಿಲೆಯ ಹಿರಿಯರು ಎದ್ದು ಹೋಗುತ್ತಾರೆ. ಆರೈಕೆದಾರರ ಹೆಸರನ್ನು ‘ಕೊನೆಯದಾಗಿ’ ಅಂತ ಇಟ್ಟುಕೊಂಡರೆ ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತದೆ, ಮನೆಯವರ ಮೊದಲ ಮಾತಿನಲ್ಲೇ ಬರಲಿ. ಶಾಲು ಹೊದಿಸುವುದಾದರೆ ಒಂದು ದಿನ ಮೊದಲೇ ಕೇಳಿ, ಬೇಡ ಅಂದರೆ ಒತ್ತಾಯ ಮಾಡಬೇಡಿ. ಮಾತಾಡುತ್ತೇನೆ ಅಂದರೆ ಖಂಡಿತ ಅವಕಾಶ ಕೊಡಿ. ಅಜ್ಜಿ ಕೊನೆಕೊನೆಗೆ ಯಾರನ್ನು ಕೇಳುತ್ತಿದ್ದರು, ಯಾವ ಹಾಡು ಹಾಕಿದರೆ ಕಣ್ಣು ಬಿಡುತ್ತಿದ್ದರು ಎಂಬುದೆಲ್ಲ ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಆ ದಿನ ಬಡಿಸಲು, ಎಲೆ ಎತ್ತಲು ಮಾತ್ರ ಕರೆಯಲೇಬಾರದು. ಮನೆಯವರ ಪಂಕ್ತಿಯಲ್ಲೇ ಕೂರಿಸಿ.

ಪತ್ರಿಕೆಗೆ ಅವರ ಒಪ್ಪಿಗೆ ಪಡೆದು ಹೆಸರು ಹಾಕಿಸಿ. ಕೆಲವರ ಊರಿನಲ್ಲಿ ಅವರು ಈ ಕೆಲಸ ಮಾಡುವುದು ಗೊತ್ತಿರುವುದಿಲ್ಲ. ‘ಹಗಲಿರುಳು ಆರೈಕೆ ಮಾಡಿದ ಶ್ರೀಮತಿ ___ ಅವರಿಗೆ ನಮ್ಮ ಕುಟುಂಬ ಚಿರಋಣಿ’ ಎಂಬ ಒಂದು ಸಾಲು ಸಾಕು. ಜಾಹೀರಾತಿಗೆ ದರ ಅಳತೆಯ ಮೇಲೆ, ಸಾಲು ಹೆಚ್ಚಿದರೆ ಫೋಟೋ ಚಿಕ್ಕದಾಗುತ್ತದೆ. ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ. ಮೂಲ ಪ್ರತಿಯನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರೂಫ್ ಬಂದಾಗ ತಾರೀಖಿಗೂ ವಾರಕ್ಕೂ ತಾಳೆ ನೋಡಿ. ತಪ್ಪು ಆಗುವುದು ಹೆಚ್ಚಾಗಿ ಅಲ್ಲೇ.

ಕಾವೇರಿತೀರ:
ತುಂಬಾ ಉಪಕಾರವಾಯಿತು. ಪತ್ರ ಕನ್ನಡದಲ್ಲಿದ್ದರೆ ನಡೆಯುತ್ತದೆಯೇ? ವಾರ್ಡಿನವರಿಗೆ ಸ್ವೀಟ್ ಬಾಕ್ಸ್ ಕೊಡೋಣವೇ?

ಶುಶ್ರೂಷೆ:
ಒಂದು ಪ್ರತಿ ಕನ್ನಡ, ಒಂದು ಇಂಗ್ಲಿಷ್ ಮಾಡಿ. ಬೆಂಗಳೂರಿನಲ್ಲಿ ಮುಂದಿನ ಮನೆ ಯಾವ ಭಾಷೆಯದೋ ಗೊತ್ತಿಲ್ಲ. ಕನ್ನಡದ್ದನ್ನು ಅವರಿಗೆ ಓದಿ ಹೇಳಿ, ಏನಾದರೂ ಬಿಟ್ಟಿದ್ದರೆ ಅವರೇ ನೆನಪಿಸುತ್ತಾರೆ.

ಹಳೇಬೇರು:
ಸರ್ಕಾರಿ ನೌಕರರಿಗೆ ಉಡುಗೊರೆಯ ಮೇಲೆ ನಿರ್ಬಂಧವಿದೆ. ಸ್ವೀಟ್ ಕೊಟ್ಟರೂ ಆ ಪಾಳಿಯಲ್ಲಿದ್ದವರಿಗಷ್ಟೇ ಸಿಗುತ್ತದೆ, ರಾತ್ರಿ ಪಾಳಿಯವರಿಗೆ ಗೊತ್ತೂ ಆಗುವುದಿಲ್ಲ. ಆಸ್ಪತ್ರೆಯ ಅಧೀಕ್ಷಕರಿಗೆ ಪತ್ರ ಬರೆಯಿರಿ: ವಾರ್ಡ್ ಸಂಖ್ಯೆ, ದಾಖಲಾದ ತಾರೀಖು, ಪಾಳಿ, ಗೊತ್ತಿದ್ದವರ ಹೆಸರು. ಆಯಾ, ಸ್ವಚ್ಛತಾ ಸಿಬ್ಬಂದಿಯನ್ನು ಮರೆಯಬೇಡಿ. ಒಂದು ಪ್ರತಿ ವಾರ್ಡ್ ಸಿಸ್ಟರ್‌ಗೆ ಕೊಟ್ಟರೆ ಅಲ್ಲಿನವರೆಲ್ಲ ಓದುತ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಇಂಥದೇ ಪತ್ರ.

ಏರ್‌ಬೆಡ್ಡನ್ನು ಸೋಪಿನ ನೀರಿನಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಪಿವಿಸಿ ಬಿರುಸಾಗಿ ಸೀಳುತ್ತದೆ. ಪಂಪ್ ಹಚ್ಚಿ ಒಂದು ರಾತ್ರಿ ಬಿಟ್ಟು ಎಲ್ಲ ಅಂಕಣಗಳೂ ಉಬ್ಬುತ್ತವೆಯೇ ನೋಡಿ, ಪಂಪನ್ನೂ ಅದರ ಜೊತೆಗೇ ಕೊಡಿ. ವೀಲ್‌ಚೇರಿನ ಬ್ರೇಕು, ಕಾಲುಪಟ್ಟಿ ಸರಿಮಾಡಿಸಿ. ವೃದ್ಧಾಶ್ರಮ, ಹಾಸ್ಪೈಸ್‌ಗಳಿಗೆ (ಕೊನೆಯ ಹಂತದ ರೋಗಿಗಳ ಆರೈಕೆ ಕೇಂದ್ರ) ಫೋನ್ ಮಾಡಿ, ಬೇಕೆಂದ ಮೇಲೆ ಒಯ್ಯಿರಿ. ಒಡೆಯದ ಡೈಪರ್ ಪ್ಯಾಕೆಟ್ಟನ್ನೂ ಕೇಳಿ ನೋಡಿ. ತೆರೆದ ಔಷಧಿ ಯಾರಿಗೂ ಕೊಡಬಾರದು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಇದ್ದರೆ ಕೊಟ್ಟ ಆಸ್ಪತ್ರೆಗೇ ಮರಳಿಸಿ. ಅತ್ತೆಯವರ ಹೆಸರಿನಲ್ಲಿ ದೇಣಿಗೆ ಕೊಡುವುದಾದರೆ, ಕ್ಯಾನ್ಸರ್ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳಿವೆ. ನಗದು 2,000 ರೂಪಾಯಿ ಮೀರಿದರೆ ತೆರಿಗೆ ರಿಯಾಯಿತಿ ಸಿಗದು, ಚೆಕ್ ಅಥವಾ ಆನ್‌ಲೈನ್‌ನಲ್ಲಿ ಕೊಟ್ಟು ರಸೀದಿ ಪಡೆಯಿರಿ.