ಕ್ಯಾರವಾನ್ ಬಾಗಿಲಿನ ಮೆಟ್ಟಿಲು ಹೇಳಿದ ಮಾತು ಕೇಳುವುದಿಲ್ಲ, ಏನು ಮಾಡಲಿ?

ನಿವೃತ್ತ ಮೇಷ್ಟ್ರು, ತುಮಕೂರು:

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಈಗ ಒಂದು ಮೆಟ್ಟಿಲು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಕ್ಯಾರವಾನ್ ಮಾಡಿಸಿದ್ದೇನೆ. ಪಕ್ಕದ ಬಾಗಿಲಿಗೆ ವಿದ್ಯುತ್ ಮೆಟ್ಟಿಲು. ಬಾಗಿಲು ತೆರೆದರೆ ಹೊರಗೆ ಚಾಚುತ್ತದೆ, ಮುಚ್ಚಿದರೆ ಒಳಗೆ ಸೇರುತ್ತದೆ. ಬಾಗಿಲಿನಲ್ಲಿ ಅಯಸ್ಕಾಂತ, ಚೌಕಟ್ಟಿನಲ್ಲಿ ಅದರ ಸ್ವಿಚ್ಚು, ಗಾಡಿಯ ಅಡಿಯಲ್ಲಿ ಮೋಟಾರು ಮತ್ತು ಅದನ್ನು ನಡೆಸುವ ಒಂದು ಕಪ್ಪು ಪೆಟ್ಟಿಗೆ. ಕೂರಿಸಿದವರು ಅಷ್ಟಕ್ಕೇ ಕೈತೊಳೆದುಕೊಂಡಿದ್ದಾರೆ. ಆರಿಸುವ ಸ್ವಿಚ್ಚೂ ಇಲ್ಲ, ಗಾಡಿಯ ಕೀಲಿಗೂ ಮೆಟ್ಟಿಲಿಗೂ ನಂಟೂ ಇಲ್ಲ.

ಮೊನ್ನೆ ನಾಮದ ಚಿಲುಮೆಯ ಹತ್ತಿರ ನೆಂಟರ ತೋಟದಲ್ಲಿ ರಾತ್ರಿ ತಂಗಿದ್ದೆವು. ಎಂಬತ್ತೆರಡು ವರ್ಷದ ಅಮ್ಮ ಬಾಗಿಲು ತೆರೆದವರೇ ಕತ್ತಲಲ್ಲಿ ಕಾಲಿಟ್ಟರು. ಮೆಟ್ಟಿಲು ಚಾಚಿಕೊಳ್ಳಲು ಮೂರು ಸೆಕೆಂಡು ಬೇಕು. ಅಮ್ಮ ಯಾವ ಕಾಲಕ್ಕೂ ಮೂರು ಸೆಕೆಂಡು ಕಾದವರಲ್ಲ. ಪುಣ್ಯಕ್ಕೆ ನಾನು ಕೆಳಗೇ ನಿಂತಿದ್ದೆ, ತೋಳು ಹಿಡಿದುಕೊಂಡೆ. ಮರುದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟಾಗ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಚಾಚಿಕೊಂಡೇ ಬಂದ ಮೆಟ್ಟಿಲು ರಸ್ತೆಯುಬ್ಬಿಗೆ ಬಡಿಯಿತು. ಅದರ ಅಂಚು ಈಗ ಸುಟ್ಟ ಹಪ್ಪಳದಂತೆ ಮುರುಟಿದೆ.

ತಂಗಿದಾಗ ಹೊರಗೇ ಇರಬೇಕು, ಹೊರಟಾಗ ಒಳಗಿರಬೇಕು. ಕೀಲಿ ತಿರುಗಿಸಿದೊಡನೆ ಒಳಗೆ ಎಳೆದುಕೊಳ್ಳುವಂತೆ ಮಾಡಿಸಲೇ? ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ್ದೇನೆ, ಬಾಗಿಲು ಮುಚ್ಚಿದಾಗ ಸ್ವಿಚ್ಚಿನ ತಂತಿ ಅರ್ತ್ ಆಗುತ್ತದೆ, ಅಂದರೆ ಗಾಡಿಯ ಲೋಹದ ಮೈಗೆ ಸೇರುತ್ತದೆ.

ಆಟೊ ಎಲೆಕ್ಟ್ರಿಷಿಯನ್, ಕೋಲಾರ:

ಮೇಷ್ಟ್ರೇ, ಕೀಲಿಯೊಂದನ್ನೇ ನಂಬಬೇಡಿ. ಅಮ್ಮ ಮೆಟ್ಟಿಲ ಮೇಲೆ ನಿಂತಿರುವಾಗ ನೀವು ಮುಂದೆ ಕೂತು ಕೀಲಿ ತಿರುಗಿಸಿದರೆ? ಕೀಲಿಯೂ ಆನ್ ಇರಬೇಕು, ಬಾಗಿಲೂ ಮುಚ್ಚಿರಬೇಕು. ಆಗ ಮಾತ್ರ ಒಳಗೆ.

ಪೆಟ್ಟಿಗೆಗೆ ಕೈ ಹಾಕುವುದು ಬೇಡ. ಬಾಗಿಲಿನ ಸ್ವಿಚ್ಚಿನಿಂದ ಅದಕ್ಕೆ ಹೋಗುವ ತಂತಿಯನ್ನು ಕತ್ತರಿಸಿ, ಎರಡು ತುದಿಗಳನ್ನು 12 ವೋಲ್ಟಿನ ರಿಲೇಯ (ಸುರುಳಿಗೆ ಕರೆಂಟು ಕೊಟ್ಟಾಗ ತಾನೇ ಕೂಡಿಕೊಳ್ಳುವ ಸ್ವಿಚ್ಚು) 30 ಮತ್ತು 87 ಎಂಬ ಪಿನ್ನುಗಳಿಗೆ ಕೊಡಿ. ಸುರುಳಿಯ ಪಿನ್ನುಗಳಲ್ಲಿ 85 ಅರ್ತ್‌ಗೆ, 86 ಕೀಲಿಯ ತಂತಿಗೆ. ಕೀಲಿ ತೆಗೆದರೆ ಬಾಗಿಲು ಮುಚ್ಚಿದ ಸುದ್ದಿಯೇ ಪೆಟ್ಟಿಗೆಗೆ ಮುಟ್ಟುವುದಿಲ್ಲ, ಮೆಟ್ಟಿಲು ಹೊರಗೇ ಇರುತ್ತದೆ. ಬಾಗಿಲು ಅರ್ಧ ತೆರೆದು ಹೊರಡುವ ಕಾಯಿಲೆಗೆ ಒಂದು ಬಜರ್ ಹಾಕಿಸಿ. ಕಾರಿನ ಒಳದೀಪಕ್ಕೆ ಹಾಕುವಂಥ ಒತ್ತುಸ್ವಿಚ್ಚು ಸಾಕು.

ಟೊಮೆಟೊ ಬೆಳೆಗಾರ, ಚಿಂತಾಮಣಿ:

ಅಣ್ಣಾ, ಇದೇ ರೀತಿ ಮಾಡಿಸಿ ನಾನು ಬೈಸಿಕೊಂಡಿದ್ದೇನೆ. ರೈಲ್ವೆ ಗೇಟಿನಲ್ಲಿ ಎಂಜಿನ್ ಆರಿಸಿ ಕೀಲಿ ತೆಗೆದೆ. ಬಾಗಿಲು ಮುಚ್ಚಿಯೇ ಇತ್ತು, ಆದರೂ ಮೆಟ್ಟಿಲು ನಾಲಿಗೆಯಂತೆ ಹೊರಗೆ ಬಂದು, ಎಡಗಡೆ ನುಸುಳುತ್ತಿದ್ದ ಬೈಕಿನವನ ಮೊಣಕಾಲಿಗೆ ತಾಗಿತು. ಅವನಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನೊಂದು, ಮೆಟ್ಟಿಲಿನ ಕೀಲುಗಳಿಗೆ ಗ್ರೀಸ್ ಮೆತ್ತಬೇಡಿ. ನಮ್ಮ ಕೆಂಪು ಧೂಳು ಅದಕ್ಕೆ ಅಂಟಿ ಅರಗಿನಂತಾಗುತ್ತದೆ. ತೊಳೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಕೈ ಒಳಗಿಡುವ ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.

ಆಟೊ ಎಲೆಕ್ಟ್ರಿಷಿಯನ್, ಕೋಲಾರ:

ಬೈಕಿನವನ ಮೊಣಕಾಲು ನನಗೆ ಹೊಳೆದಿರಲಿಲ್ಲ, ತಪ್ಪು ನನ್ನದೇ. ಹಾಗಾದರೆ ಕೀಲಿ ತೆಗೆದರೂ ರಿಲೇ ಕೂಡಿಕೊಂಡೇ ಇರುವಂತೆ, ಇನ್ನೊಂದು ಸ್ವಿಚ್ಚಿನ ಮೂಲಕ ಬ್ಯಾಟರಿಯಿಂದಲೂ 86ಕ್ಕೆ ಕೊಡಿ. ಕೀಲಿಯ ತಂತಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮರೆಯಬೇಡಿ. ಇಲ್ಲದಿದ್ದರೆ ಕರೆಂಟು ಹಿಂದಕ್ಕೆ ಹರಿದು, ಕೀಲಿ ತೆಗೆದರೂ ಡ್ಯಾಶ್‌ಬೋರ್ಡ್ ಉರಿಯುತ್ತಿರುತ್ತದೆ.

ನಿವೃತ್ತ ಮೇಷ್ಟ್ರು, ತುಮಕೂರು:

ರಿಲೇ ಕೂರಿಸಿದೆ. ಡಯೋಡ್ ಮಾತ್ರ ಹಾಕಲಿಲ್ಲ, ಕ್ಷಮಿಸಿ. ನಿಮ್ಮ ದಾರಿಯಲ್ಲಿ ಹೋದರೆ ಗಾಡಿ ಶೆಡ್ಡಿನಲ್ಲಿ ನಿಂತಿರುವಾಗಲೂ ರಿಲೇಯ ಸುರುಳಿ ಹಗಲಿರುಳು ಬ್ಯಾಟರಿ ಕುಡಿಯುತ್ತಿರುತ್ತದೆ. ಸ್ವಿಚ್ಚನ್ನು 30 ಮತ್ತು 87ರ ನಡುವೆಯೇ ಸಮಾಂತರವಾಗಿ ಕಟ್ಟಿದೆ. ಹತ್ತನೆಯ ತರಗತಿಯ ಪಾಠ ಸ್ವಾಮಿ! ಸ್ವಿಚ್ಚು ಹಾಕಿದ್ದರೆ ಮೆಟ್ಟಿಲು ಮೊದಲಿನಂತೆ ಬಾಗಿಲಿನ ಮಾತು ಕೇಳುತ್ತದೆ, ಕೀಲಿ ತೆಗೆದರೂ ಹೊರಗೆ ಬರುವುದಿಲ್ಲ. ತಂಗಿದಾಗ ಆರಿಸಿದರೆ ಹೊರಗೇ ನಿಲ್ಲುತ್ತದೆ. ಆನ್ ಮಾಡಲು ಮರೆತು ಹೊರಟರೂ ಕೀಲಿ ತಿರುಗಿಸಿದಾಗ ರಿಲೇ ಅದನ್ನು ಒಳಗೆ ಕರೆದುಕೊಳ್ಳುತ್ತದೆ.

ಸ್ವಿಚ್ಚಿನ ಮೇಲೆ ‘ದಾರಿ’, ‘ಬೀಡು’ ಎಂದು ಬರೆದು ಅಂಟಿಸಿದ್ದೇನೆ. ಬಜರ್ ಮಾತ್ರ ಜೋರಾಯಿತು. ಬಾಗಿಲು ತೆರೆದಿಟ್ಟು ಕೀಲಿ ತಿರುಗಿಸಿದರೆ ಎದುರು ಮನೆಯ ನಾಯಿ ಎದ್ದು ಬೊಗಳುತ್ತದೆ. ಅದರ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ ನೋಡುತ್ತೇನೆ, ಬಜರಿನ ಬಾಯಿಗೆ.