ದಾವಣಗೆರೆಯಲ್ಲಿ ‘ನ್ಯಾಯದ ಕಾಫಿ’ ಅಂಗಡಿ: ಯಾರಿಗೆ ನ್ಯಾಯ?

ಎಂ.ಸಿ.ಸಿ. ಬಿ ಬ್ಲಾಕ್ ನಿವಾಸಿ:
ನಾವು ನಾಲ್ವರು ಗೆಳತಿಯರು ವಿದ್ಯಾನಗರದ ಕಡೆ ಕಾಫಿ ಅಂಗಡಿ ತೆರೆಯಬೇಕೆಂದಿದ್ದೇವೆ. ಚಿಕ್ಕಮಗಳೂರು ಭಾಗದ ಸಣ್ಣ ಬೆಳೆಗಾರರಿಂದ ನೇರವಾಗಿ ಬೀಜ ಕೊಂಡು, ಇಲ್ಲಿಯೇ ಹುರಿದು, ಪುಡಿಯನ್ನೂ ಲೋಟದ ಕಾಫಿಯನ್ನೂ ಮಾರುವುದು. ಕೆಲಸಕ್ಕೆ ಸ್ವಸಹಾಯ ಸಂಘದ ಮಹಿಳೆಯರು. ಲಾಭವನ್ನು ನಾವು ಹಂಚಿಕೊಳ್ಳದೆ ಮತ್ತೆ ಅದೇ ಕೆಲಸಕ್ಕೆ ಹಾಕುತ್ತೇವೆ. ಬೆಲೆ ಪೇಟೆಗಿಂತ ತುಸು ಹೆಚ್ಚಾಗುತ್ತದೆ. ಊರಿನವರು ಕೊಳ್ಳುತ್ತಾರೆಯೇ? ಇದನ್ನು ‘ನ್ಯಾಯದ ಕಾಫಿ’ ಎಂದು ಕರೆಯಬಹುದೇ? ಬಿಚ್ಚುಮನಸ್ಸಿನಿಂದ ಹೇಳಿ.

ಮಂಡಿಪೇಟೆ ಕಾಫಿಪುಡಿ ವ್ಯಾಪಾರಿ:
ಮೇಡಂ, ನಮ್ಮದು ತಂದೆಯ ಕಾಲದಿಂದ ಇದೇ ವ್ಯಾಪಾರ. ಬೆಣ್ಣೆದೋಸೆ ತಿಂದ ಮೇಲೆ ಕಾಫಿ ಗಟ್ಟಿಯಾಗಿರಬೇಕು ಎನ್ನುವ ಊರು ಇದು. ಆ ಗಟ್ಟಿತನಕ್ಕೂ ಬಣ್ಣಕ್ಕೂ ಚಿಕೋರಿ (ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ) ಬೇಕು. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎಷ್ಟಿದೆ ಎಂಬುದನ್ನು ಪೊಟ್ಟಣದ ಮೇಲೆ ಬರೆಯಬೇಕು ಎಂದು ಕಾನೂನೇ ಹೇಳುತ್ತದೆ. ಒಂದು ಕೆ.ಜಿ. ಬೀಜ ಹುರಿದರೆ ಕೈಗೆ ಸಿಗುವುದು 800ರಿಂದ 850 ಗ್ರಾಂ. ಅದರ ಮೇಲೆ ಬಾಡಿಗೆ, ವಿದ್ಯುತ್, ಸಂಬಳ. ಸರಿಯಾದ ತೂಕ, ಬರೆದಷ್ಟೇ ಚಿಕೋರಿ, ಬೀಜ ಕೊಟ್ಟವರಿಗೆ ಹೇಳಿದ ದಿನ ಹಣ. ವ್ಯಾಪಾರದಲ್ಲಿ ನ್ಯಾಯವೆಂದರೆ ಇಷ್ಟೇ ಎಂದು ನಾನು ನಂಬಿದ್ದೇನೆ. ನೀವು ಫಲಕದ ಮೇಲೆ ‘ನ್ಯಾಯ’ ಎಂದು ಬರೆದರೆ ಉಳಿದವರೆಲ್ಲ ಅನ್ಯಾಯ ಮಾಡುತ್ತಿದ್ದಾರೆ ಎಂದಂತಾಗುತ್ತದೆ. ಅದಕ್ಕೆ ನನ್ನ ತಕರಾರಿದೆ.

ಜಗಳೂರು ತಾಲ್ಲೂಕಿನ ಶಿಕ್ಷಕಿ:
ಬೆಳೆಗಾರರ ಮಾತು ಬಂತು, ಅಂಗಡಿಯವರ ಮಾತು ಬಂತು. ಹಣ್ಣು ಕೊಯ್ಯುವವರ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಅವರು ಬೇರೆ ಎಲ್ಲಿಯವರೋ ಅಲ್ಲ. ಮೆಕ್ಕೆಜೋಳದ ಕೊಯ್ಲು ಮುಗಿಯುತ್ತಿದ್ದಂತೆ ನಮ್ಮ ತಾಲ್ಲೂಕಿನ, ಹರಪನಹಳ್ಳಿ ಕಡೆಯ ತಾಂಡಾಗಳಿಂದ ಜನ ಕಾಫಿ ಸೀಮೆಗೆ ಗುಳೆ ಹೋಗುತ್ತಾರೆ. ಮೇಸ್ತ್ರಿಯ ಹತ್ತಿರ ಮುಂಗಡ ಪಡೆದಿರುತ್ತಾರೆ, ಅದು ತೀರುವವರೆಗೆ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ. ನೋಡಿಕೊಳ್ಳಲು ಅಜ್ಜಿ ಇದ್ದರೆ ಮಗು ಶಾಲೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಅಪ್ಪ ಅಮ್ಮನ ಜೊತೆ ತೋಟದ ಕೂಲಿಯವರ ಲೈನ್ ಮನೆಗೆ ಹೋಗುತ್ತದೆ. ಆ ಮಗು ಮಾರ್ಚ್‌ನಲ್ಲಿ ಮರಳಿ ಬರುವಾಗ ಪರೀಕ್ಷೆ ಎದುರಿಗಿರುತ್ತದೆ.

ಇನ್ನೊಂದು ವಿಷಯವಿದೆ, ದಯವಿಟ್ಟು ಗಮನಿಸಿ. ಒಳ್ಳೆಯ ಕಾಫಿ ಬೇಕೆಂದರೆ ಕೆಂಪಗೆ ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ಯಬೇಕು. ಕೊಂಬೆಯಲ್ಲಿ ಕಾಯಿ, ದೋರುಗಾಯಿ, ಹಣ್ಣು ಒಟ್ಟಿಗೇ ಇರುತ್ತವೆ. ಕೈಯಿಂದ ಒಮ್ಮೆಲೇ ಸೆಳೆದು ಉದುರಿಸಿದರೆ ಸೊಂಟದ ಚೀಲ ಬೇಗ ತುಂಬುತ್ತದೆ. ಒಂದೊಂದೇ ಹಣ್ಣನ್ನು ಬಿಡಿಸುತ್ತಾ ಕುಳಿತರೆ ಸಂಜೆ ತಕ್ಕಡಿಗೆ ಬರುವಾಗ ತೂಕ ಕಡಿಮೆ. ಕೂಲಿ ಕೆ.ಜಿ. ಲೆಕ್ಕದಲ್ಲಿದ್ದರೆ, ನಿಮ್ಮ ಗಿರಾಕಿಗೆ ಸಿಗುವ ಒಳ್ಳೆಯ ರುಚಿಗೆ ನಮ್ಮ ತಾಂಡಾದ ಹೆಂಗಸು ತನ್ನ ಕೂಲಿಯಿಂದ ಬೆಲೆ ತೆರುತ್ತಾಳೆ. ಬೆಳೆಗಾರರಿಗೆ ಹೆಚ್ಚು ದರ ಕೊಟ್ಟೆವು ಎಂದು ಪೊಟ್ಟಣದ ಮೇಲೆ ಬರೆದರೆ ಇದು ಸರಿಹೋಗುವುದಿಲ್ಲ.

ಮೂಡಿಗೆರೆಯ ಸಣ್ಣ ಬೆಳೆಗಾರ:
ಟೀಚರ್ ಹೇಳಿದ್ದು ನಿಜ. ಆರಿಸಿ ಕೊಯ್ಯುವಾಗ ಕೆ.ಜಿ. ದರ ಬಿಟ್ಟು ದಿನಗೂಲಿ ಕೊಡುವ ತೋಟಗಳಿವೆ, ನಾನೂ ಹಾಗೆಯೇ ಮಾಡುತ್ತೇನೆ. ಅದಕ್ಕೆ ಖರ್ಚು ಹೆಚ್ಚು. ಆ ಹೆಚ್ಚಿನ ಖರ್ಚನ್ನು ಕೊಳ್ಳುವವರು ಭರಿಸದಿದ್ದರೆ ಎರಡನೇ ವರ್ಷ ಮುಂದುವರಿಸಲು ಆಗುವುದಿಲ್ಲ.

‘ನೇರ ಖರೀದಿ’ ಎನ್ನುವವರಿಗೂ ಒಂದು ಮಾತು. ದರ ಏರಿದಾಗ ಎಲ್ಲರೂ ನಮ್ಮ ಕಣದ ಹತ್ತಿರ ಬರುತ್ತಾರೆ. 2001ರ ಆಸುಪಾಸಿನಲ್ಲಿ ದರ ಕುಸಿದಾಗ ಯಾರೂ ಬರಲಿಲ್ಲ, ಎಷ್ಟೋ ಮಂದಿ ತೋಟವನ್ನೇ ಮಾರಿದರು. ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಕ್ಕಿದೆ ಎಂದು ಸಾರುವ ಅಂತರರಾಷ್ಟ್ರೀಯ ‘ಫೇರ್‌ಟ್ರೇಡ್’ ಮುದ್ರೆಯಲ್ಲಿ ಕನಿಷ್ಠ ಬೆಲೆ ಎಂಬುದೊಂದಿದೆ, ದರ ಬಿದ್ದಾಗ ಅದು ಆಸರೆ. ಈಚೆಗೆ 2024-25ರಲ್ಲಿ ಪೇಟೆಯ ದರವೇ ದಾಖಲೆಯ ಮಟ್ಟಕ್ಕೆ ಏರಿದ್ದರಿಂದ ಆ ಕನಿಷ್ಠ ಬೆಲೆ ಕೆಲಸಕ್ಕೆ ಬರಲಿಲ್ಲ. ನೀವು ಮುದ್ರೆ ತರಬೇಕಾಗಿಲ್ಲ. ದರ ಎಷ್ಟೇ ಬಿದ್ದರೂ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ಮೂರು ವರ್ಷಕ್ಕೆ ಬರೆದು ಕೊಡಿ. ಕೊಯ್ಲಿನ ಕಾಲದಲ್ಲಿ ಕೂಲಿಗೆ ಬೇಕಾಗುವಷ್ಟು ಹಣವನ್ನು ಮುಂಚಿತವಾಗಿ ಕೊಡಿ. ಒಂದು ಕೆ.ಜಿ. ಬೀಜಕ್ಕೆ ಐದಾರು ಕೆ.ಜಿ. ಹಣ್ಣು ಕೊಯ್ಯಬೇಕು. ಆ ಕೂಲಿಯನ್ನೆಲ್ಲ ನಾವು ಬೀಜ ಮಾರುವುದಕ್ಕೆ ಮೊದಲೇ ಕೊಡಬೇಕು. ನಾವು ಸಾಲಕ್ಕೆ ಬೀಳುವುದು ಅಲ್ಲಿಯೇ.

ಹೊಳಲ್ಕೆರೆ ಓದುಗ:
ಇದು ಹೊಸ ಪ್ರಯೋಗವೇನೂ ಅಲ್ಲ. ಸರ್ಕಾರದ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರಲ್ಲಿ. ಲೋಟ ಇಡುವವರೂ ಅಲ್ಲಿ ಸದಸ್ಯರು. ನಿಮ್ಮ ಸ್ವಸಹಾಯ ಸಂಘದ ಮಹಿಳೆಯರು ಸಂಬಳದವರಾಗಿಯೇ ಉಳಿಯುತ್ತಾರೆಯೇ, ಪಾಲುದಾರರಾಗುತ್ತಾರೆಯೇ?

ಪಿ.ಜೆ. ಬಡಾವಣೆಯ ಲೆಕ್ಕಪರಿಶೋಧಕ:
ಒಳ್ಳೆಯ ಪ್ರಶ್ನೆ. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿ ನೋಂದಾಯಿಸಿದರೆ ಲಾಭಾಂಶ ಹಂಚುವಂತಿಲ್ಲ. ದಾನಿಗಳಿಗೆ ನಂಬಿಕೆ ಬರುತ್ತದೆ, ಆದರೆ ಕೆಲಸದವರಿಗೆ ಮತದ ಹಕ್ಕು ತಾನಾಗಿ ಸಿಗುವುದಿಲ್ಲ. 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಸಹಕಾರಿ ಕಾಯ್ದೆಯ ಅಡಿ ಹೋದರೆ ಅವರೇ ಸದಸ್ಯರಾಗಬಹುದು. ನನ್ನ ಸಲಹೆ ಸಹಕಾರ ಸಂಘ. ಮೊದಲು ಆರು ತಿಂಗಳ ಬಾಡಿಗೆ ಮತ್ತು ಸಂಬಳದ ಹಣ ಕೂಡಿಸಿಡಿ. ಸದುದ್ದೇಶದ ಅಂಗಡಿಯಲ್ಲಿ ಹಣ ಸಾಲದೆ ಬಂದಾಗ ಮೊದಲು ತಡವಾಗುವುದು ಕೆಲಸದವರ ಸಂಬಳ.

ಎಂ.ಸಿ.ಸಿ. ಬಿ ಬ್ಲಾಕ್ ನಿವಾಸಿ:
ಎಲ್ಲರಿಗೂ ವಂದನೆ. ಸಹಕಾರ ಸಂಘದ ದಾರಿಯ ಬಗ್ಗೆ ಸಂಘದ ಅಕ್ಕಂದಿರ ಜೊತೆಯಲ್ಲಿಯೇ ಕುಳಿತು ಮಾತನಾಡುತ್ತೇವೆ. ಗಲ್ಲಾ ಪಕ್ಕದಲ್ಲಿ ಒಂದು ಫಲಕ ಹಾಕುವ ಯೋಚನೆಯಿದೆ: ಬೆಳೆಗಾರರಿಗೆ ಕೊಟ್ಟ ದರ, ಕೊಯ್ದವರ ದಿನಗೂಲಿ, ಅಂಗಡಿಯ ಸಂಬಳ, ಬಾಡಿಗೆ, ಉಳಿದದ್ದು. ಪ್ರತಿ ತಿಂಗಳೂ ತಿದ್ದುತ್ತೇವೆ. ಟೀಚರ್, ಕೂಲಿಯ ಅಂಕಿ ನಿಜವೋ ಅಲ್ಲವೋ ಎಂಬುದನ್ನು ಕೊಯ್ದು ಬಂದವರನ್ನೇ ಕೇಳಿ ನೋಡಲು ನೀವು ನೆರವಾಗುತ್ತೀರಾ?

ಜಗಳೂರು ತಾಲ್ಲೂಕಿನ ಶಿಕ್ಷಕಿ:
ಖಂಡಿತ. ಆದರೆ ಹೆಂಗಸರನ್ನು ಮೇಸ್ತ್ರಿ ಇಲ್ಲದಿರುವಾಗ ಕೇಳಬೇಕು. ಮುಂಗಡದಲ್ಲಿ ಎಷ್ಟು ಮುರಿದುಕೊಂಡರು ಎಂಬುದೂ ಫಲಕದಲ್ಲಿ ಇರಲಿ.

ಮಂಡಿಪೇಟೆ ಕಾಫಿಪುಡಿ ವ್ಯಾಪಾರಿ:
ಹೆಸರಿನ ವಿಷಯದಲ್ಲಿ ನನ್ನ ತಕರಾರು ಹಾಗೆಯೇ ಇದೆ. ಲೆಕ್ಕವನ್ನು ಹೀಗೆ ಬರೆದು ಹಾಕುವುದಾದರೆ ಆ ಹೆಸರಿನ ಅಗತ್ಯವೂ ಇಲ್ಲ, ಓದಿದವರು ತಾವೇ ತೀರ್ಮಾನಿಸುತ್ತಾರೆ. ಹುರಿಯುವ ಯಂತ್ರಕ್ಕೆ ಈಗಲೇ ಸಾಲ ಮಾಡಬೇಡಿ ಮೇಡಂ. ನಮ್ಮದು ಮಧ್ಯಾಹ್ನದ ಮೇಲೆ ಖಾಲಿ ಇರುತ್ತದೆ, ಹುರಿಯುವ ಕೂಲಿಯಷ್ಟನ್ನೇ ಕೊಟ್ಟು ಬಳಸಿಕೊಳ್ಳಿ. ಮೊದಲು ಹತ್ತು ಕೆ.ಜಿ. ಬೀಜ ತರಿಸಿ, ಚಿಕೋರಿ ಇಲ್ಲದ್ದು ಒಂದು, ಶೇ 20 ಇರುವುದು ಒಂದು ಮಾಡಿ, ಎರಡನ್ನೂ ಜನರಿಗೆ ಕುಡಿಸಿ ನೋಡೋಣ.