ಹಾರೋಹಳ್ಳಿಯ ತೋಟದ ಮನೆಯೋ, ಬನಶಂಕರಿಯ ಫ್ಲ್ಯಾಟೋ?

(ಆಸ್ತಿ ಪತ್ರಗಳನ್ನು ಪರಿಶೀಲಿಸುವ ವಕೀಲೆಯೊಬ್ಬರು ನಮ್ಮ ಗುಂಪಿನ ಸದಸ್ಯರಿಗೆ ಕೊಟ್ಟ ಉತ್ತರಗಳು)

ಪ್ರಶ್ನೆ:
ಮೇಡಂ, ನಮಸ್ಕಾರ. ಬರುವ ಜೂನ್‌ನಲ್ಲಿ ನಿವೃತ್ತನಾಗುತ್ತೇನೆ. ಇಷ್ಟು ವರ್ಷವೂ ಕ್ವಾರ್ಟರ್ಸ್ ಮತ್ತು ಬಾಡಿಗೆ ಮನೆಗಳಲ್ಲೇ ಕಳೆದೆವು. ಕೈಗೆ ಬರುವ ಹಣಕ್ಕೆ ಊರಿನ ಪಾಲು ಮಾರಿದ್ದನ್ನು ಸೇರಿಸಿದರೆ 95 ಲಕ್ಷ ಆಗುತ್ತದೆ. ಹಾರೋಹಳ್ಳಿಯಿಂದ ಆಚೆ ಒಂದು 'ವಿಲ್ಲಾ ಫಾರ್ಮ್' ನೋಡಿದ್ದೇನೆ. ಹತ್ತು ಗುಂಟೆ ಜಾಗ, ಹದಿನಾಲ್ಕು ಚದರದ (1,400 ಚದರ ಅಡಿ) ಮನೆ ಕಟ್ಟಿಕೊಡುತ್ತಾರೆ, ಮಾವು ತೆಂಗುಗಳ ಆರೈಕೆಯೂ ಅವರದೇ. ನನ್ನ ಮನೆಯವರು ಮಾತ್ರ ಬನಶಂಕರಿ ಕಡೆ ಒಂದು ಹಳೆಯ ಫ್ಲ್ಯಾಟ್ ಸಾಕು ಎಂದು ಪಟ್ಟು ಹಿಡಿದಿದ್ದಾರೆ. ಮಾತು ಬಿಟ್ಟು ನಾಲ್ಕು ದಿನವಾಯಿತು. ಮಗಳು ಪುಣೆಯಲ್ಲಿದ್ದಾಳೆ. ಏನು ಮಾಡಲಿ?

ಉತ್ತರ:
ಸರ್, ಮಾತು ಬಿಟ್ಟಿರುವ ವಿಷಯಕ್ಕೆ ನನ್ನ ಕಪಾಟಿನಲ್ಲಿ ಯಾವ ಕಾಯ್ದೆಯೂ ಇಲ್ಲ. ಕಾಗದದ ವಿಷಯಕ್ಕೆ ಇದೆ, ಅದನ್ನೇ ಹೇಳುತ್ತೇನೆ.

'ವಿಲ್ಲಾ' ಎಂಬ ಪದ ಇರುವುದು ಬ್ರೋಷರಿನಲ್ಲಿ. ಕಂದಾಯ ದಾಖಲೆಗೆ ಅದರ ಪರಿಚಯವಿಲ್ಲ. ನೀವು ನೋಡಿದ ಜಾಗದ ಪಹಣಿ ತೆಗೆಸಿ. ಕೃಷಿ ಜಮೀನು ಎಂದೇ ಇರುತ್ತದೆಂದು ನನ್ನ ಊಹೆ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಇರುವವರೆಗೆ ವ್ಯವಸಾಯಗಾರರಲ್ಲದವರು ಹೊಲ ಕೊಳ್ಳುವಂತಿರಲಿಲ್ಲ. 2020ರಲ್ಲಿ ಅವನ್ನು ತೆಗೆದುಹಾಕಿದ ಮೇಲೆ ಬಾಗಿಲು ತೆರೆಯಿತು, ಅದರ ಬೆನ್ನಿಗೇ ಈ ಫಾರ್ಮ್ ವ್ಯಾಪಾರವೂ ಬೆಳೆಯಿತು. ಕೊಳ್ಳಬಹುದು ಎಂದಾದದ್ದನ್ನು ಬೇಕಾದಂತೆ ಕಟ್ಟಬಹುದು ಎಂದು ಓದಿಕೊಂಡವರೇ ನನ್ನ ಕಚೇರಿಗೆ ಹೆಚ್ಚು ಬರುತ್ತಾರೆ.

ಕಟ್ಟುವುದು 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿಗೆ ಸೇರಿದ ಮಾತು. ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಮಾಡಿಸದೆ ಹಿಡುವಳಿಯ ಶೇ. 10ರೊಳಗೆ ಮಾತ್ರ ತೋಟದ ಮನೆ ಕಟ್ಟಿಕೊಳ್ಳಬಹುದು. ಹತ್ತು ಗುಂಟೆಯಲ್ಲಿ ಶೇ. 10 ಎಂದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಹನ್ನೊಂದು ಚದರವೂ ಆಗುವುದಿಲ್ಲ. ನಿಮಗೆ ಹದಿನಾಲ್ಕು ಚದರ ತೋರಿಸಿದ್ದಾರೆ. ಉಳಿದ ಮೂರು ಚದರ ಯಾವ ಆದೇಶದ ಮೇಲೆ ನಿಲ್ಲುತ್ತದೆ ಎಂದು ಕೇಳಿ ನೋಡಿ.

ಇದಕ್ಕಿಂತ ದೊಡ್ಡ ತೊಡಕು ಬೇರೆಯದು. ಕಳೆದ ವರ್ಷ ಕಕ್ಷಿದಾರರೊಬ್ಬರ ಜೊತೆ ಆ ದಿಕ್ಕಿನದೇ ಒಂದು ಜಾಗಕ್ಕೆ ಹೋಗಿದ್ದೆ. ಮೇಸ್ತ್ರಿ ಒಂದು ಕಲ್ಲು ತೋರಿಸಿದ, ಅದರ ಮೇಲೆ ಕೆಂಪು ಬಣ್ಣದಲ್ಲಿ 47 ಎಂದು ಬರೆದಿತ್ತು. "ಈ ಕಲ್ಲಿನಿಂದ ಆ ಸಿಲ್ವರ್ ಮರದವರೆಗೆ ನಿಮ್ಮದು ಸಾರ್" ಎಂದ. ಕಕ್ಷಿದಾರರು ಆಗಲೇ ಹೆಜ್ಜೆ ಹಾಕಿ ಅಳೆಯತೊಡಗಿದ್ದರು. ನಾನು ಕಾರಿನಲ್ಲೇ ಕುಳಿತು ಪಹಣಿ ಬಿಡಿಸಿದೆ. ಮಾಲೀಕರ ಹೆಸರಿರುವ ಒಂಬತ್ತನೆಯ ಕಾಲಂನಲ್ಲಿ ಇಪ್ಪತ್ತಾರು ಹೆಸರುಗಳು, ಎಲ್ಲವೂ ಜಂಟಿ. 11ಇ ನಕ್ಷೆ ಎಲ್ಲಿ ಎಂದು ಕೇಳಿದರೆ "ಆಗುತ್ತದೆ ಮೇಡಂ, ಸರ್ವೆಗೆ ಹಾಕಿದ್ದೇವೆ" ಎಂಬ ಉತ್ತರ ಬಂತು. ಒಂದು ಸರ್ವೆ ನಂಬರಿನಲ್ಲಿ ಒಂದು ತುಂಡು ಮಾರುವಾಗ ಆ ತುಂಡು ಯಾವುದು ಎಂದು ಗುರುತಿಸಿಕೊಡುವುದೇ 11ಇ ನಕ್ಷೆ. ಅದಿಲ್ಲದೆ ಕೊಂಡರೆ ನಿಮ್ಮ ಕೈಗೆ ಬರುವುದು ಇಪ್ಪತ್ತಾರು ಜನರ ಪೈಕಿ ಒಂದು ಪಾಲು, 47ನೆಯ ಕಲ್ಲಲ್ಲ. ಕಲ್ಲಿನ ಬಣ್ಣ ಎರಡು ಮಳೆಗಾಲ ತಡೆಯುತ್ತದೆ. ಆಮೇಲೆ ಯಾರ ಮಾವು ಯಾರದು?

ಕೃಷಿ ಜಮೀನಿಗೆ ಬ್ಯಾಂಕಿನವರು ಗೃಹಸಾಲ ಕೊಡುವುದಿಲ್ಲ. ನಿಮಗೆ ಸಾಲ ಬೇಡವಿರಬಹುದು. ನಾಳೆ ನಿಮ್ಮಿಂದ ಕೊಳ್ಳುವವರಿಗೆ ಬೇಕಲ್ಲ?

ಹಾರೋಹಳ್ಳಿ ಇರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಇನ್ನು ಬ್ರೋಷರುಗಳಲ್ಲಿ 'ಬೆಂಗಳೂರು ದಕ್ಷಿಣದಲ್ಲೇ' ಎಂದು ಕಂಡರೆ ಆಶ್ಚರ್ಯಪಡಬೇಡಿ. ಹೆಸರು ಬದಲಾದ ಮಾತ್ರಕ್ಕೆ ಊರು ಒಂದು ಮೈಲಿಯೂ ಹತ್ತಿರ ಬಂದಿಲ್ಲ.

ಪ್ರಶ್ನೆ (ಅದೇ ಸದಸ್ಯರು):
ಪರಿವರ್ತನೆಯಾದ ಜಾಗದಲ್ಲಿ ವಿಲ್ಲಾ ಸಿಕ್ಕರೆ ಪರವಾಗಿಲ್ಲವೇ?

ಉತ್ತರ:
ಧಾರಾಳವಾಗಿ ಕೊಳ್ಳಬಹುದು. ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಪಂಚಾಯಿತಿಯಾದರೆ ಅದರ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಇವಿಷ್ಟೂ ಮೇಜಿನ ಮೇಲೆ ಬರಲಿ. ಆ ಜಮೀನು ಹಿಂದೆ ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನೂ ನೋಡಬೇಕು. ಹಾಗೆ ಮಂಜೂರಾದದ್ದು ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ, ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟವೇ ಅಸಿಂಧು. ಎಷ್ಟೋ ವರ್ಷ ಕಳೆದಿದೆ ಎಂಬ ವಾದವನ್ನೂ 2023ರ ತಿದ್ದುಪಡಿಯ ನಂತರ ನಂಬಿಕೊಳ್ಳುವಂತಿಲ್ಲ. ಇಷ್ಟೆಲ್ಲ ಸರಿಯಿರುವ ವಿಲ್ಲಾ ನಿಮ್ಮ 95 ಲಕ್ಷದೊಳಗೆ ಸಿಕ್ಕರೆ ದಯವಿಟ್ಟು ನನಗೂ ತಿಳಿಸಿ.

ಪ್ರಶ್ನೆ (ಮಸ್ಕತ್‌ನಲ್ಲಿರುವ ಸದಸ್ಯರು):
ನಾನು ಉಡುಪಿ ಕಡೆಯವನು. ಊರ ಹತ್ತಿರ ಅಡಿಕೆ ತೋಟವಿರುವ ಮನೆಯೊಂದು ಮಾರಾಟಕ್ಕಿದೆ. ಅನಿವಾಸಿ ಭಾರತೀಯರು ಕೊಳ್ಳಬಹುದೇ? ಕೂಡದು ಎಂದಾದರೆ ತಮ್ಮನ ಹೆಸರಿನಲ್ಲಿ ಕೊಳ್ಳುತ್ತೇನೆ.

ಉತ್ತರ:
ಕೊಳ್ಳುವಂತಿಲ್ಲ. ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿಗಳು ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಈ ಮೂರನ್ನೂ ಕ್ರಯಕ್ಕೆ ಪಡೆಯುವ ಹಾಗಿಲ್ಲ. ರಾಜ್ಯದ 2020ರ ತಿದ್ದುಪಡಿ ಈ ನಿರ್ಬಂಧವನ್ನು ಮುಟ್ಟಿಲ್ಲ. ತಂದೆಯಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಫ್ಲ್ಯಾಟ್, ಪರಿವರ್ತಿತ ನಿವೇಶನದ ಮನೆಗಳಿಗೆ ಅಡ್ಡಿಯಿಲ್ಲ.

ತಮ್ಮನ ಹೆಸರಿನ ಆಲೋಚನೆಯನ್ನು ಇಲ್ಲಿಗೇ ಬಿಡಿ. ನಿಮ್ಮ ದುಡ್ಡು, ಅವನ ಹೆಸರು ಎಂದರೆ ಬೇನಾಮಿ ಕಾಯ್ದೆಯ ಬಾಗಿಲು ತಟ್ಟಿದ ಹಾಗೆ. ತಮ್ಮ ಒಳ್ಳೆಯವನೇ ಇರಬಹುದು, ಕಾಯ್ದೆ ಅದನ್ನು ಕೇಳುವುದಿಲ್ಲ.

ಪ್ರಶ್ನೆ:
ನಾನು ಮೊದಲು ಪ್ರಶ್ನೆ ಕೇಳಿದವರ ಹೆಂಡತಿ. ಅವರು ಫ್ಲ್ಯಾಟಿನ ವಿಷಯ ಬರೆಯಲೇ ಇಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಕಟ್ಟಡಕ್ಕೆ ಹದಿನೆಂಟು ವರ್ಷ, ನಾಲ್ಕನೆಯ ಮಹಡಿ, 1,150 ಚದರ ಅಡಿ, 70 ಲಕ್ಷ ಹೇಳುತ್ತಿದ್ದಾರೆ. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗಬಹುದು. ನನಗೆ ಮೊಣಕಾಲು ನೋವಿದೆ, ತಿಂಗಳಿಗೊಮ್ಮೆ ಆಸ್ಪತ್ರೆ ಇದ್ದೇ ಇದೆ. ತೋಟದ ಮನೆಯಲ್ಲಿ ಇವರು ಗಿಡ ನೋಡುತ್ತಾರೆ, ನನ್ನನ್ನು ನೋಡುವವರು ಯಾರು?

ಉತ್ತರ:
ಅಮ್ಮಾ, ನಿಮ್ಮ ಕೊನೆಯ ವಾಕ್ಯ ಯಾವ ನ್ಯಾಯಾಲಯದಲ್ಲೂ ನಿಲ್ಲುತ್ತದೆ. ಹಾಗೆಂದು ಫ್ಲ್ಯಾಟ್ ಅಂದರೆ ಅಪ್ಪಟ ಚಿನ್ನ ಎಂದುಕೊಳ್ಳಬೇಡಿ.

ಮೊದಲು ಸ್ವಾಧೀನಾನುಭವ ಪತ್ರ, ಅಂದರೆ ಓಸಿ; ಕಟ್ಟಡ ಮಂಜೂರಾದ ನಕ್ಷೆಯಂತಿದೆ, ವಾಸಕ್ಕೆ ಬಳಸಬಹುದು ಎಂದು ಪಾಲಿಕೆ ಕೊಡುವ ಪತ್ರ. ಆ ಕಾಲದ ಸಣ್ಣ ಕಟ್ಟಡಗಳಲ್ಲಿ ಮಂಜೂರಾದ ನಕ್ಷೆ ಮೂರು ಮಹಡಿಗೆ, ಎದ್ದು ನಿಂತದ್ದು ನಾಲ್ಕು ಎಂಬುದು ನನಗೆ ಹೊಸದಲ್ಲ. ನಿಮ್ಮದು ನಾಲ್ಕನೆಯದೇ ಆದ್ದರಿಂದ ನಕ್ಷೆಯ ಪ್ರತಿ ಪಡೆದು ಆ ಮಹಡಿ ಅದರಲ್ಲಿ ಇದೆಯೇ ಎಂದು ಬೆರಳಿಟ್ಟು ನೋಡಿ. ಇಲ್ಲವಾದರೆ ಇಡೀ ಮಾತುಕತೆಯನ್ನು ಅಲ್ಲಿಗೇ ಮುಗಿಸಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ, ಅದನ್ನು ಮಾರುವವರು ತರಲಿ. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಿ ಪಡೆಯಿರಿ; ದಲ್ಲಾಳಿ ಕೊಟ್ಟ ಜೆರಾಕ್ಸ್ ನೋಡಿ ತೃಪ್ತರಾಗಬೇಡಿ.

ಆಮೇಲೆ ನೆಲದ ಅವಿಭಜಿತ ಪಾಲು, ಅಂದರೆ ಕಟ್ಟಡ ನಿಂತ ಜಾಗದಲ್ಲಿ ನಿಮ್ಮ ಫ್ಲ್ಯಾಟಿಗೆ ಸೇರುವ ಭಾಗ. ಕ್ರಯಪತ್ರದ ಷೆಡ್ಯೂಲಿನಲ್ಲಿ ಇಷ್ಟು ಚದರ ಅಡಿ ಎಂದು ಬರೆದಿರುತ್ತದೆ. ಗೋಡೆಗೆ ವಯಸ್ಸಾಗುತ್ತದೆ, ಬೆಲೆ ಉಳಿಯುವುದು ಆ ನೆಲಕ್ಕೆ. ಅದೇ ಕಟ್ಟಡದಲ್ಲಿ ಇಷ್ಟೇ ದೊಡ್ಡ ಮನೆಗಳ ಪಾಲಿಗಿಂತ ನಿಮ್ಮದು ಕಡಿಮೆ ಇದ್ದರೆ ಯಾಕೆ ಎಂದು ಕೇಳಿ. ಮಾಲೀಕರ ಸಂಘ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ (ಯಾವುದು ಯಾರದು, ಯಾವುದು ಎಲ್ಲರದು ಎಂದು ಬರೆದಿಡುವ ದಾಖಲೆ) ನೋಂದಾಯಿಸಿದೆಯೇ ಎಂಬುದೂ ಬೇಕು.

ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಜನ ಪರದಾಡಿದ್ದು ಎಲ್ಲರಿಗೂ ನೆನಪಿದೆ. ಅದೇ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಚಾಲೂ ಆಯಿತು, ದಿನಕ್ಕೆ 77.5 ಕೋಟಿ ಲೀಟರ್. ಆದರೆ ಅದು ಮುಖ್ಯವಾಗಿ ನಗರದ ಅಂಚಿಗೆ ಸೇರಿದ 110 ಹಳ್ಳಿಗಳಿಗೆ. ನಿಮ್ಮ ಕಟ್ಟಡಕ್ಕೆ ಕಾವೇರಿ ಸಂಪರ್ಕ ಎಂದಿನಿಂದ ಇದೆ, ಎಷ್ಟು ಬರುತ್ತದೆ ಎಂದು ಕಾರ್ಯದರ್ಶಿಯನ್ನು ಕೇಳಿದರೆ "ತೊಂದರೆ ಇಲ್ಲ" ಎನ್ನುತ್ತಾರೆ. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲು ಕೊಡಿ ಎಂದು ಕೇಳಿ. ನಿಜ ಅಲ್ಲಿರುತ್ತದೆ. ಲಿಫ್ಟಿನ ವಾರ್ಷಿಕ ನಿರ್ವಹಣೆ ಒಪ್ಪಂದವನ್ನೂ ನೋಡಿ. ಮೊಣಕಾಲಿಗೆ ಬನಶಂಕರಿಯ ಮೆಟ್ರೊಗಿಂತ ಕೆಟ್ಟು ನಿಲ್ಲದ ಲಿಫ್ಟ್ ಮುಖ್ಯ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ನಗರದಲ್ಲಿ 70 ಲಕ್ಷಕ್ಕೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ಅಂದರೆ 3.92 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಅದು 1.40 ಲಕ್ಷ. ಒಟ್ಟು 5.32 ಲಕ್ಷ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಹಳೆಯ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಬೆಲೆ 50 ಲಕ್ಷ ದಾಟಿರುವುದರಿಂದ ಮಾರುವವರಿಗೆ ಕೊಡುವ ಹಣದಲ್ಲೇ ಶೇ. 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ತುಂಬುವ ಹೊಣೆ ನಿಮ್ಮದು. 70,000 ರೂಪಾಯಿ. ಮಾರುವವರು "ನಾನೇ ಕಟ್ಟಿಕೊಳ್ಳುತ್ತೇನೆ" ಎಂದರೂ ಬಿಡಬೇಡಿ, ಆಮೇಲೆ ನೋಟಿಸು ಬರುವುದು ನಿಮಗೆ.

ಕಾಗದ ಸರಿಯಿದ್ದರೆ ನನ್ನ ಮತ ಫ್ಲ್ಯಾಟಿಗೆ. ಯಜಮಾನರ ಆಸೆಯನ್ನು ತಳ್ಳಿಹಾಕುತ್ತಿಲ್ಲ. ಉಳಿದ ಹಣದ ಸಣ್ಣ ಭಾಗದಲ್ಲಿ ಆ ಕಡೆಯೇ ಒಂದು ತೋಟದ ಮನೆಯನ್ನು ಆರು ತಿಂಗಳಿಗೆ ಬಾಡಿಗೆಗೆ ಹಿಡಿಯಲಿ. ಏಪ್ರಿಲ್‌ನಿಂದ ಶುರು ಮಾಡಲಿ, ಬಿಸಿಲೂ ಮಳೆಯೂ ಸಿಗುತ್ತವೆ. ಶನಿವಾರ ಹೋಗಿ ಭಾನುವಾರ ಮರಳಿದರೆ ಅದು ಪ್ರವಾಸವಾಗುತ್ತದೆ. ಮಂಗಳವಾರ, ಬುಧವಾರ ಅಲ್ಲಿದ್ದು, ಕರೆಂಟ್ ಹೋದ ರಾತ್ರಿ ಮೋಟಾರು ಓಡದೆ ತೊಟ್ಟಿ ಖಾಲಿಯಾದಾಗಲೂ ಮನಸ್ಸು ಅಲ್ಲೇ ನಿಂತರೆ ಕೊಳ್ಳುವ ಮಾತನ್ನು ಮತ್ತೆ ಆಡೋಣ.

ಪ್ರಶ್ನೆ (ಮೊದಲ ಸದಸ್ಯರು):
ಬಾಡಿಗೆ ಹಣ ದಂಡವಲ್ಲವೇ ಮೇಡಂ?

ಉತ್ತರ:
47ನೆಯ ಕಲ್ಲಿಗೆ ಕೊಡುವ ಹಣಕ್ಕೆ ಹೋಲಿಸಿದರೆ ಅಲ್ಲ.

ಪ್ರಶ್ನೆ (ಅವರ ಪತ್ನಿ):
ನಿನ್ನೆ ಇವರೂ ಫ್ಲ್ಯಾಟ್ ನೋಡಲು ಬಂದಿದ್ದರು. ಮನೆಯೊಳಗೆ ಎರಡು ನಿಮಿಷ ನಿಂತರು, ತಾರಸಿಯಲ್ಲಿ ಮುಕ್ಕಾಲು ಗಂಟೆ. ಅಲ್ಲಿ ಡ್ರಮ್ಮುಗಳಲ್ಲಿ ನಿಂಬೆ, ಕರಿಬೇವು, ನುಗ್ಗೆ ಬೆಳೆಸಬಹುದೇ ಎಂದು ನಿಮ್ಮನ್ನು ಕೇಳಬೇಕಂತೆ. ನನ್ನ ಮೊಬೈಲಿನಿಂದಲೇ ಕೇಳು ಎಂದರು. ಅಂದ ಹಾಗೆ, ಮಾತು ಶುರುವಾಗಿದೆ.

ಉತ್ತರ:
ಸಂತೋಷ. ತಾರಸಿ ಸಾಮಾನ್ಯವಾಗಿ ಎಲ್ಲ ಮಾಲೀಕರಿಗೂ ಸೇರಿದ ಜಾಗ. ಘೋಷಣಾ ಪತ್ರದಲ್ಲಿ ಏನು ಬರೆದಿದೆ ಎಂದು ನೋಡಿ, ಸಂಘದಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಕಾರ್ಯದರ್ಶಿ ಬದಲಾಗುವವರೆಗೆ ಮಾತ್ರ. ನಿಂಬೆ, ಕರಿಬೇವು ಆಗಬಹುದು. ನುಗ್ಗೆ ಬೇಡ, ಗಾಳಿಗೆ ಮುರಿದು ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಬೀಳುತ್ತದೆ. ಡ್ರಮ್ಮುಗಳನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ಅವುಗಳ ಕೆಳಗೆ ತಟ್ಟೆ ಇಡಲು ಹೇಳಿ. ಕೆಳಗಿನ ಮನೆಯ ಛಾವಣಿ ಸೋರಿ ಅವರು ನನ್ನ ಹತ್ತಿರವೇ ಬಂದರೆ ನಾನು ಯಾರ ಪರ ವಕಾಲತ್ತು ಹಾಕಲಿ? ನಕ್ಷೆ ಮತ್ತು ಘೋಷಣಾ ಪತ್ರದ ಪ್ರತಿ ಸೋಮವಾರದೊಳಗೆ ಕಳಿಸಿ.